ಆ ತ್ರೀ ಹೊಡೆಯಬೇಕಿತ್ತೇ? ಎನ್‌ಬಿಎ ಪಂದ್ಯದ ಶಾಟ್‌ಗಳಿಗೆ ದರ್ಜೆ ಹಾಕುವ ಕ್ರಮ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಶಾಟ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಚೆಂಡು ಕೈ ಬಿಡುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ರಿಂಗ್ ಒಳಗೆ ಇಳಿಯಿತೋ ಹೊರಗೆ ಚಿಮ್ಮಿತೋ ನೋಡಿಕೊಂಡು ಆಮೇಲೆ ಹೊಗಳುವುದು, ಬೈಯುವುದು ಗೆದ್ದೆತ್ತಿನ ಬಾಲ ಹಿಡಿಯುವ ಕೆಲಸ. ಇಲ್ಲಿ ಹೇಳುವ ಕ್ರಮದ ಮೊದಲ ನಿಯಮ ಹುಟ್ಟಿದ್ದೇ ಅದರಿಂದ: ಚೆಂಡು ಬೆರಳ ತುದಿ ಬಿಟ್ಟ ಕ್ಷಣಕ್ಕೆ ವಿಡಿಯೋ ನಿಲ್ಲಿಸಿ, ದರ್ಜೆ ಬರೆದು, ಆಮೇಲಷ್ಟೇ ಮುಂದಕ್ಕೆ ಓಡಿಸಬೇಕು.

ಬೇಕಾಗುವುದು ಒಂದು ಪಂದ್ಯದ ರೆಕಾರ್ಡಿಂಗ್, ಗೆರೆ ಹಾಕಿದ ಹಾಳೆ, ನೀಲಿ ಮತ್ತು ಕೆಂಪು ಪೆನ್. ನೀಲಿಯಲ್ಲಿ ದರ್ಜೆ, ಕೆಂಪಿನಲ್ಲಿ ಫಲಿತಾಂಶ. ಇಡೀ ಪಂದ್ಯಕ್ಕೆ ಕೈ ಹಾಕಬೇಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಒಂದು ತಂಡ ಪಂದ್ಯಕ್ಕೆ 90ರ ಆಸುಪಾಸು ಶಾಟ್ ಹೊಡೆಯುತ್ತದೆ. ಒಂದೇ ತಂಡದ ಮೊದಲರ್ಧ ಹಿಡಿದರೆ 45 ಸಾಲು. ನಿಲ್ಲಿಸಿ ನಿಲ್ಲಿಸಿ ನೋಡುವುದಕ್ಕೆ ಅದೇ ಎರಡು ಗಂಟೆ ಹಿಡಿಯುತ್ತದೆ.

ಹಾಳೆಯಲ್ಲಿ ಏಳು ಕಾಲಂ: ಶಾಟ್ ಕ್ಲಾಕ್‌ನಲ್ಲಿ (ಶಾಟ್ ಹೊಡೆಯಲು ತಂಡಕ್ಕಿರುವ 24 ಸೆಕೆಂಡಿನ ಗಡಿಯಾರ) ಉಳಿದ ಸೆಕೆಂಡ್, ಜಾಗ, ಡಿಫೆಂಡರ್ ಎಷ್ಟು ಅಡಿ ದೂರ, ಪಾಸ್ ಹಿಡಿದು ಹೊಡೆದದ್ದೋ ಡ್ರಿಬಲ್ ಮಾಡಿ ಹೊಡೆದದ್ದೋ, ಯಾರು ಹೊಡೆದರು, ದರ್ಜೆ, ಫಲಿತಾಂಶ. ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ಹೊಡೆಯದೆ ಬಿಟ್ಟ ಶಾಟ್‌ಗಳನ್ನು ಬರೆಯಲು ಅದು ಬೇಕಾಗುತ್ತದೆ.

ಮೊದಲು ಲೆಕ್ಕ

ಬಾಕ್ಸ್ ಸ್ಕೋರ್‌ನಲ್ಲಿ, ಅಂದರೆ ಪಂದ್ಯದ ಅಂಕಿಅಂಶ ಪಟ್ಟಿಯಲ್ಲಿ, ಎದ್ದು ಕಾಣುವ ಫೀಲ್ಡ್ ಗೋಲ್ ಶೇಕಡಾವಾರನ್ನು (ಹೊಡೆದ ಶಾಟ್‌ಗಳಲ್ಲಿ ಬಿದ್ದ ಪಾಲು) ನಂಬಿ ಕೂತರೆ ಕೆಟ್ಟಿರಿ. ಒಬ್ಬ 20 ಟೂ (ಎರಡು ಪಾಯಿಂಟಿನ ಶಾಟ್) ಹೊಡೆದು 10 ಹಾಕಿದ, ಶೇ 50. ಇನ್ನೊಬ್ಬ 20 ತ್ರೀ (ಗೆರೆಯಾಚೆಯಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್) ಹೊಡೆದು 8 ಹಾಕಿದ, ಶೇ 40. ಮೊದಲನೆಯವನು ತಂದದ್ದು 20 ಪಾಯಿಂಟ್, ಎರಡನೆಯವನು 24. ಈ ಓರೆಯನ್ನು ನೇರ ಮಾಡುವುದೇ ಎಫೆಕ್ಟಿವ್ ಫೀಲ್ಡ್ ಗೋಲ್, ಆಡುಮಾತಿನಲ್ಲಿ ಇಎಫ್‌ಜಿ: ಬಿದ್ದ ಒಟ್ಟು ಶಾಟ್‌ಗಳಿಗೆ ಬಿದ್ದ ತ್ರೀಗಳ ಅರ್ಧ ಕೂಡಿಸಿ, ಹೊಡೆದ ಒಟ್ಟು ಶಾಟ್‌ಗಳಿಂದ ಭಾಗಿಸಿ. ತ್ರೀಗಳಿಗೆ ಹೆಸರಾದ ಸ್ಟೆಫೆನ್ ಕರಿಯ 2015–16ರ ಸೀಸನ್ ತೆಗೆದುಕೊಳ್ಳಿ. ಹೊಡೆದದ್ದು 1598, ಬಿದ್ದದ್ದು 805, ಅದರಲ್ಲಿ ತ್ರೀ 402. ಅಂದರೆ 805ಕ್ಕೆ 201 ಸೇರಿಸಿ 1006, ಭಾಗಿಸು 1598, ಶೇ 63. ಸಾದಾ ಶೇಕಡಾವಾರು ನೋಡಿದರೆ 50.4 ಮಾತ್ರ ಕಾಣುತ್ತದೆ. ಆ ವರ್ಷದ ಕರಿ ಏನು ಎಂಬುದು ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿದೆ.

ಫೌಲ್ ಆದಾಗ ಸಿಗುವ, ತಲಾ ಒಂದು ಪಾಯಿಂಟಿನ ಫ್ರೀ ಥ್ರೋಗಳನ್ನೂ ಸೇರಿಸಬೇಕಾದರೆ ಟ್ರೂ ಶೂಟಿಂಗ್ ಲೆಕ್ಕ. ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿ, ಶಾಟ್‌ಗಳಿಗೆ ಕೂಡಿಸಿ, ಎರಡರಿಂದ ಗುಣಿಸಿ. ಒಟ್ಟು ಪಾಯಿಂಟನ್ನು ಅದರಿಂದ ಭಾಗಿಸಿ. 0.5 ಬಿಟ್ಟು 0.44 ಯಾಕೆಂದರೆ, ಎಲ್ಲ ಫ್ರೀ ಥ್ರೋಗಳೂ ಜೋಡಿಯಾಗಿ ಬಂದು ಒಂದು ಪೊಸೆಶನ್ (ಚೆಂಡು ತಂಡದ ಕೈಯಲ್ಲಿರುವ ಒಂದು ಸರದಿ) ತಿನ್ನುವುದಿಲ್ಲ. ಬಾಸ್ಕೆಟ್ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ, ಟೆಕ್ನಿಕಲ್ ಫೌಲ್, ತ್ರೀ ಮೇಲಿನ ಫೌಲ್‌ಗೆ ಸಿಗುವ ಮೂರು, ಇವೆಲ್ಲ ಆ ಸಂಖ್ಯೆಯನ್ನು ಕೆಳಗೆ ಎಳೆಯುತ್ತವೆ. ಕರಿ ಅದೇ ಸೀಸನ್‌ನಲ್ಲಿ 400 ಫ್ರೀ ಥ್ರೋ ಹೊಡೆದು ಒಟ್ಟು 2375 ಪಾಯಿಂಟ್ ಮಾಡಿದರು. ಲೆಕ್ಕ ಹಾಕಿ ನೋಡಿ, ಶೇ 66.9 ಬರಬೇಕು. ಬರದಿದ್ದರೆ ಬಹುಶಃ ಎರಡರಿಂದ ಗುಣಿಸುವುದನ್ನು ಮರೆತಿದ್ದೀರಿ.

ಹಾಳೆಯ ಮೇಲೆ ಮಾತ್ರ ಇವೆರಡೂ ಬೇಡ. ಅಲ್ಲಿ ಒಂದೇ ಅಳತೆ ಸಾಕು: ಈ ಶಾಟ್ ಸರಾಸರಿಗೆ ಎಷ್ಟು ಪಾಯಿಂಟ್ ತರುತ್ತದೆ? ಬೀಳುವ ಸಾಧ್ಯತೆಯನ್ನು ಮೂರರಿಂದಲೋ ಎರಡರಿಂದಲೋ ಗುಣಿಸಿದರೆ ಆಯಿತು. ಮೂರರಲ್ಲಿ ಒಂದು ತ್ರೀ ಬೀಳಿಸುವುದೂ ಎರಡರಲ್ಲಿ ಒಂದು ಟೂ ಬೀಳಿಸುವುದೂ ಒಂದೇ, ಎರಡೂ 1.0.

ಜಾಗದ ಬೆಲೆ

ಎನ್‌ಬಿಎಯ ಈಚಿನ ಸೀಸನ್‌ಗಳ ಸರಾಸರಿಯನ್ನು ದುಂಡಾಗಿಸಿ ಇಟ್ಟುಕೊಳ್ಳಿ. ರಿಂಗ್ ಕೆಳಗಿನ ನಾಲ್ಕಡಿ ಅರ್ಧವೃತ್ತದೊಳಗೆ ಶೇ 65, ಅಂದರೆ 1.30. ಅದರ ಹೊರಗೆ, ಪೇಂಟ್ (ರಿಂಗ್ ಮುಂದಿನ ಆಯತ) ಒಳಗೆ, ಫ್ಲೋಟರ್ (ಮೆಲ್ಲಗೆ ಎತ್ತರಕ್ಕೆ ಎಸೆಯುವ ಶಾಟ್) ಹೊಡೆಯುವ ಜಾಗ 0.87. ಪೇಂಟ್‌ಗೂ ತ್ರೀ ಗೆರೆಗೂ ನಡುವಿನ ಮಿಡ್‌ರೇಂಜ್ 0.83. ಕೋರ್ಟ್‌ನ ಮೂಲೆಯಿಂದ ಹೊಡೆಯುವ ಕಾರ್ನರ್ ತ್ರೀ 1.15. ಉಳಿದ ತ್ರೀಗಳು, ಅಂದರೆ ಕಮಾನಿನ ಮೇಲಿನವು, 1.06.

ಕಾರ್ನರ್‌ನ ಬೆಲೆ ಹೆಚ್ಚಾಗಲು ಕಾರಣ ಮೇಲ್ನೋಟಕ್ಕೆ ಸುಲಭ. ಕಮಾನಿನ ನೆತ್ತಿಯಲ್ಲಿ ಗೆರೆ ರಿಂಗ್‌ನಿಂದ 23 ಅಡಿ 9 ಇಂಚು ದೂರ, ಕಾರ್ನರ್‌ನಲ್ಲಿ 22 ಅಡಿ. 50 ಅಡಿ ಅಗಲದ ಕೋರ್ಟ್‌ನಲ್ಲಿ ಕಮಾನನ್ನು ಪೂರ್ತಿ ಎಳೆದರೆ ಮೂಲೆಯಲ್ಲಿ ನಿಲ್ಲಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ ಗೆರೆ ನೆಟ್ಟಗಾಗಿ ಸೈಡ್‌ಲೈನಿಗೆ ಮೂರಡಿ ಬಿಟ್ಟು ಇಳಿಯುತ್ತದೆ. ದೂರ ಎಷ್ಟು ಮುಖ್ಯವೆಂದು ಎನ್‌ಬಿಎ ತಾನೇ ಒಮ್ಮೆ ಪ್ರಯೋಗ ಮಾಡಿ ತೋರಿಸಿದೆ. 1994–95ರಲ್ಲಿ ಗೆರೆಯನ್ನು ಎಲ್ಲ ಕಡೆ 22 ಅಡಿಗೆ ತಂದರು. ಹಿಂದಿನ ವರ್ಷ ತಂಡಕ್ಕೆ ಪಂದ್ಯಕ್ಕೆ 9.9 ತ್ರೀ, ಶೇ 33.3 ಇದ್ದದ್ದು ಒಂದೇ ಏಟಿಗೆ 15.3 ತ್ರೀ, ಶೇ 35.9 ಆಯಿತು. ಮೂರು ಸೀಸನ್ ಕಳೆದ ಮೇಲೆ ಗೆರೆ ಹಳೆಯ ಜಾಗಕ್ಕೆ ಹೋಯಿತು, ಎರಡೂ ಸಂಖ್ಯೆ ಇಳಿದವು.

ಆದರೆ ಕಾರ್ನರ್‌ನ 1.15 ಪೂರ್ತಿ ದೂರದ ಪುಣ್ಯವಲ್ಲ. ಕಾರ್ನರ್‌ನಲ್ಲಿ ಯಾರೂ ಡ್ರಿಬಲ್ ಮಾಡಿ, ಮೈ ತಿರುಗಿಸಿ ಶಾಟ್ ಹುಟ್ಟಿಸಿಕೊಳ್ಳುವುದಿಲ್ಲ, ಜಾಗವೇ ಇಲ್ಲ. ಅಲ್ಲಿ ಹೊಡೆಯುವವನು ಬಹುಪಾಲು ನಿಂತು ಪಾಸ್ ಹಿಡಿದವನು, ಅವನ ಡಿಫೆಂಡರ್ ಪೇಂಟ್‌ಗೆ ಸಹಾಯಕ್ಕೆ ಹೋದವನು. ಅಂದರೆ ‘ತೆರವಾಗಿದ್ದ’ ಎಂಬ ಅಂಶ ಆ 1.15ರೊಳಗೆ ಆಗಲೇ ಸೇರಿಕೊಂಡಿದೆ. ಮುಂದೆ ಕೂಡಿಸಿ ಕಳೆಯುವಾಗ ಇದು ನೆನಪಿರಲಿ.

ಇನ್ನು ಬ್ಯಾಸ್ಕೆಟ್‌ಬಾಲ್‌ನ ಅತಿ ದಂಡದ ಶಾಟ್ ಯಾವುದು? ಗೆರೆ ತುಳಿದು ಹೊಡೆದದ್ದು. ಅಷ್ಟೇ ದೂರ, ಅಷ್ಟೇ ಕಷ್ಟ, ಶೇ 36ರಂತೆ ಬಿದ್ದರೂ ಸಿಗುವುದು 1.08ರ ಬದಲು 0.72. ಇದಕ್ಕೆ ಹಾಳೆಯಲ್ಲಿ ಬೇರೆ ಗುರುತು ಹಾಕಿ. ಒಬ್ಬನೇ ಆಟಗಾರನ ಹೆಸರಿನ ಮುಂದೆ ಮತ್ತೆ ಮತ್ತೆ ಬಂದರೆ, ಅವನು ಪಾಸ್ ಬರುವ ಮೊದಲು ಕಾಲು ನೋಡಿಕೊಳ್ಳುತ್ತಿಲ್ಲ ಎಂದರ್ಥ.

ಡಿಫೆಂಡರ್ ಎಷ್ಟು ದೂರ

2013–14ರಿಂದ ಎನ್‌ಬಿಎಯ ಎಲ್ಲ ಕ್ರೀಡಾಂಗಣಗಳಲ್ಲೂ ಆಟಗಾರರ ಚಲನೆ ಅಳೆಯುವ ಕ್ಯಾಮೆರಾಗಳಿವೆ. ಲೀಗ್‌ನ ಅಂಕಿಅಂಶ ತಾಣ ಹತ್ತಿರದ ಡಿಫೆಂಡರ್‌ನ ದೂರವನ್ನು ನಾಲ್ಕು ಮನೆ ಮಾಡಿ ಕೊಡುತ್ತದೆ: 0–2 ಅಡಿ, 2–4, 4–6, 6ಕ್ಕಿಂತ ಹೆಚ್ಚು. ತ್ರೀಗಳಲ್ಲಿ 6 ಅಡಿಗಿಂತ ಹೆಚ್ಚು ತೆರವಿದ್ದರೆ ಶೇ 38–39, 4–6ರಲ್ಲಿ ಶೇ 35ರ ಆಸುಪಾಸು, 2–4ರಲ್ಲಿ 30ರ ಆಸುಪಾಸು.

ನಮ್ಮ ಹತ್ತಿರ ಕ್ಯಾಮೆರಾ ಇಲ್ಲ, ಕಣ್ಣಳತೆಯೇ ಗತಿ. ಕೋರ್ಟ್‌ನ ಗೆರೆಗಳನ್ನೇ ಸ್ಕೇಲ್ ಮಾಡಿಕೊಳ್ಳಿ. ಕಾರ್ನರ್ ಗೆರೆಯಿಂದ ಸೈಡ್‌ಲೈನ್‌ಗೆ ಮೂರಡಿ, ರಿಂಗ್ ಕೆಳಗಿನ ಅರ್ಧವೃತ್ತದ ತ್ರಿಜ್ಯ ನಾಲ್ಕಡಿ, ಪೇಂಟ್‌ನ ಅಗಲ ಹದಿನಾರಡಿ. ಕಾರ್ನರ್ ಪಟ್ಟಿಯ ಎರಡರಷ್ಟು ಖಾಲಿ ನೆಲ ಕಂಡರೆ ಆರಡಿ ಎಂದು ಬರೆಯಿರಿ. ಟಿವಿ ಕ್ಯಾಮೆರಾ ಪಕ್ಕದಿಂದ ನೋಡುವುದರಿಂದ ಬೇಸ್‌ಲೈನಿನ ಉದ್ದಕ್ಕೆ ಇರುವ ಅಂತರ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಕಾರ್ನರ್ ಶಾಟ್‌ಗಳನ್ನು ರೀಪ್ಲೇಯಲ್ಲಿ ಇನ್ನೊಮ್ಮೆ ನೋಡಿ, ಚೆಂಡು ಹೊರಡುವ ತನಕ ಮಾತ್ರ.

ಈಗ ಕೂಡಿಸಿ ಕಳೆಯುವ ಕ್ರಮ. ಜಾಗದ ಬೆಲೆಯಿಂದ ಶುರು. ತ್ರೀಗೆ ಡಿಫೆಂಡರ್ ಆರಡಿಗಿಂತ ದೂರ ಇದ್ದರೆ 0.10 ಕೂಡಿಸಿ, ಕಾರ್ನರ್ ಆದರೆ ಮೇಲೆ ಹೇಳಿದ ಕಾರಣಕ್ಕೆ 0.05 ಸಾಕು. ನಾಲ್ಕಡಿಗಿಂತ ಹತ್ತಿರ ಇದ್ದರೆ 0.15 ಕಳೆಯಿರಿ. ಡ್ರಿಬಲ್ ಮಾಡಿ ಹೊಡೆದದ್ದಾದರೆ ಇನ್ನೊಂದು 0.10 ಕಳೆಯಿರಿ.

ಯಾರ ಕೈ

ಆಟಗಾರನ ತ್ರೀ ಶೇಕಡಾವಾರನ್ನು ಕನಿಷ್ಠ ಎರಡು ಸೀಸನ್ ಸೇರಿಸಿ ತೆಗೆದುಕೊಳ್ಳಿ. 36ನ್ನು ಮಟ್ಟವೆಂದು ಇಟ್ಟು, ಮೇಲಿನ ಪ್ರತಿ ಒಂದಕ್ಕೆ 0.03 ಕೂಡಿಸಿ, ಕೆಳಗಿನ ಪ್ರತಿ ಒಂದಕ್ಕೆ 0.03 ಕಳೆಯಿರಿ. ಹೊಸಬನಾದರೆ, ತ್ರೀ ಸಂಖ್ಯೆ ಕಡಿಮೆ ಇದ್ದರೆ, ಅವನ ಫ್ರೀ ಥ್ರೋ ಶೇಕಡಾವಾರು ನೋಡಿ. ಅಡ್ಡಿಯಿಲ್ಲದ, ಒಂದೇ ದೂರದ ಶಾಟ್ ಅದು, ಕೈ ಎಂಥದ್ದೆಂದು ಬೇಗ ಹೇಳಿಬಿಡುತ್ತದೆ.

ಇಲ್ಲೊಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ಇವನು ತೆರವಾಗಿದ್ದಾನೆ, ಯಾಕೆ? ಡಿಫೆನ್ಸ್ ಎಡವಿತೋ, ಬೇಕೆಂದೇ ಬಿಟ್ಟಿತೋ? ಶೇ 28ರವನನ್ನು ಹತ್ತಡಿ ತೆರವು ಬಿಟ್ಟು ಅವನ ಡಿಫೆಂಡರ್ ಪೇಂಟ್‌ನಲ್ಲಿ ನಿಂತಿದ್ದರೆ, ಅದು ಎದುರು ತಂಡ ಇಟ್ಟ ಆಮಿಷ. ಲೆಕ್ಕ ಹಾಕಿ: 1.06ಕ್ಕೆ 0.10 ಕೂಡಿ, 0.24 ಕಳೆದರೆ 0.92. ಪ್ಲೇಆಫ್‌ಗಳಲ್ಲಿ (ಸೀಸನ್ ಕೊನೆಯ ನಾಕೌಟ್ ಸುತ್ತುಗಳು) ತಂಡಗಳು ಈ ಬಲೆಯನ್ನು ಸರಣಿ ಪೂರ್ತಿ ಹಾಸಿಟ್ಟಿರುತ್ತವೆ.

ಮಿಡ್‌ರೇಂಜ್ ವಿಷಯದಲ್ಲೂ ಇದೇ ಮಾತು, ಉಲ್ಟಾ. ಸರಾಸರಿ 0.83 ಎಂದು ಮಿಡ್‌ರೇಂಜನ್ನೇ ಪಾಪವೆಂದು ಕರೆಯುವವರಿದ್ದಾರೆ. ಕೆವಿನ್ ಡ್ಯುರಾಂಟ್ ಥರದವರು ಅಲ್ಲಿಂದ ಎರಡಕ್ಕೊಂದು ಹಾಕುತ್ತಾರೆ, ಅದು 1.0. ಕೊನೆಯ ಎರಡು ನಿಮಿಷ ಡಿಫೆನ್ಸ್ ರಿಂಗ್ ಮತ್ತು ಗೆರೆ ಎರಡನ್ನೂ ಕಾದು ಕೂತಾಗ ಆ 1.0 ಚಿನ್ನ. ಆದರೆ ಡ್ಯುರಾಂಟ್ ಹೊಡೆಯುತ್ತಾರೆಂದು ಶೇ 40ರವನೂ ಅದನ್ನೇ ಹೊಡೆಯುವುದಕ್ಕೆ ನೆಪವಿಲ್ಲ.

ಗಡಿಯಾರ

24 ಸೆಕೆಂಡಿನಲ್ಲಿ 18 ಉಳಿದಿರುವಾಗ ಹೊಡೆದ 0.9ರ ಶಾಟ್ ಕೆಟ್ಟದ್ದು, ಇನ್ನೂ ಒಳ್ಳೆಯದು ಸಿಗುವ ಸಮಯವಿತ್ತು. ಅದೇ 0.9 ಎರಡು ಸೆಕೆಂಡ್ ಉಳಿದಾಗ ಒಳ್ಳೆಯದು, ಬಿಟ್ಟರೆ ಸೊನ್ನೆ. ದರ್ಜೆ ಹೀಗೆ: 1.10 ಮತ್ತು ಮೇಲೆ ‘ಎ’, 0.95ರಿಂದ 1.10ರ ಒಳಗೆ ‘ಬಿ’, ಅದಕ್ಕೂ ಕೆಳಗೆ ‘ಸಿ’. ನಾಲ್ಕು ಸೆಕೆಂಡ್ ಅಥವಾ ಕಡಿಮೆ ಉಳಿದಿದ್ದರೆ ಒಂದು ದರ್ಜೆ ಮೇಲಕ್ಕೆ ಹಾಕಿ. ಆದರೆ ‘ಇಷ್ಟು ಹೊತ್ತಾದದ್ದು ಯಾಕೆ’ ಎಂದು ಪಕ್ಕದಲ್ಲಿ ಎರಡು ಪದ ಬರೆಯಿರಿ. ಬಹಳ ಸಲ ತಪ್ಪು ಹೊಡೆದವನದ್ದಾಗಿರುವುದಿಲ್ಲ, ಚೆಂಡನ್ನು ಹನ್ನೆರಡು ಸೆಕೆಂಡ್ ಕುಟ್ಟಿ ಅವನ ಕೈಗೆ ತುರುಕಿದವನದ್ದಾಗಿರುತ್ತದೆ.

ಕ್ವಾರ್ಟರ್ ಕೊನೆಗೆ ಲೆಕ್ಕ ಬದಲಾಗುತ್ತದೆ. 32 ಸೆಕೆಂಡ್ ಇರುವಾಗ ಹೊಡೆದರೆ, ಎದುರಾಳಿ ತನ್ನ 24 ಪೂರ್ತಿ ತಿಂದರೂ ಐದಾರು ಸೆಕೆಂಡ್ ನಿಮಗೆ ಉಳಿಯುತ್ತದೆ. 0.9ರದ್ದು ಒಂದು, ಆತುರದ 0.6ರದ್ದು ಇನ್ನೊಂದು, ಕೂಡಿದರೆ 1.5. ಕಾದು ಹೊಡೆದ ಒಂದೇ 1.1ಕ್ಕಿಂತ ಲಾಭ. ಹಾಗಾಗಿ 36ರಿಂದ 30 ಸೆಕೆಂಡಿನ ನಡುವಿನ ಆತುರದ ಶಾಟ್‌ಗೂ ಒಂದು ದರ್ಜೆ ಮೇಲಕ್ಕೆ. ಕ್ವಾರ್ಟರ್ ಮುಗಿಯುವಾಗ ಅರ್ಧ ಕೋರ್ಟ್‌ನಾಚೆಯಿಂದ ಎಸೆಯುವ ಚೆಂಡನ್ನು ಹಾಳೆಗೆ ತರಲೇಬೇಡಿ. ಹಿಂದೆ ಆಟಗಾರರು ಶೇಕಡಾವಾರು ಕೆಡುತ್ತದೆಂದು ಗಂಟೆ ಹೊಡೆದ ಮೇಲೆ ಎಸೆದು ನಾಟಕ ಆಡುತ್ತಿದ್ದರು. 2025–26ರಿಂದ ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ ಮೂರು ಸೆಕೆಂಡಿನಲ್ಲಿ, ತಮ್ಮ ಅಂಗಳದಿಂದ ಶುರುವಾದ ಆಟದಲ್ಲಿ, 36 ಅಡಿಗಿಂತ ದೂರದಿಂದ ಎಸೆದದ್ದು ತಪ್ಪಿದರೆ ತಂಡದ ಲೆಕ್ಕಕ್ಕೆ ಹೋಗುತ್ತದೆ, ಆಟಗಾರನ ಲೆಕ್ಕಕ್ಕಲ್ಲ. ಅವನ ಮಟ್ಟಿಗೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಎರಡು ಸಾಲು ತುಂಬಿ ನೋಡೋಣ

ಬಲಗಡೆ ಪಿಕ್ ಅಂಡ್ ರೋಲ್. ದೊಡ್ಡವನು ಚೆಂಡು ಹಿಡಿದ ಗಾರ್ಡ್‌ನ ಡಿಫೆಂಡರ್‌ಗೆ ಅಡ್ಡ ನಿಂತು (ಇದೇ ಸ್ಕ್ರೀನ್) ರಿಂಗ್‌ನತ್ತ ತಿರುಗಿ ಓಡುತ್ತಾನೆ. ಅವನನ್ನು ತಡೆಯಲು ಎಡ ಕಾರ್ನರ್‌ನ ಡಿಫೆಂಡರ್ ಎರಡು ಹೆಜ್ಜೆ ಪೇಂಟ್ ಒಳಗೆ ಬರುತ್ತಾನೆ. ಗಾರ್ಡ್ ತಲೆ ಮೇಲಿಂದ ಉದ್ದನೆಯ ಪಾಸ್ ಎಡ ಕಾರ್ನರ್‌ಗೆ ಎಸೆಯುತ್ತಾನೆ. ಹಿಡಿದವನ ಎರಡೂ ಕಾಲು ನೆಲದ ಮೇಲೆ, ರಿಂಗ್ ಕಡೆಗೆ. ವಿಡಿಯೋ ನಿಲ್ಲಿಸಿ. ಕ್ಲಾಕ್‌ನಲ್ಲಿ 11, ಡಿಫೆಂಡರ್ ಏಳಡಿ ದೂರ, ಆಟಗಾರ ಶೇ 39ರವನು. 1.15, ಕೂಡಿಸು 0.05, ಕೂಡಿಸು 0.09: 1.29. ‘ಎ’. ಲೇ-ಅಪ್‌ಗೆ (ರಿಂಗ್ ಹತ್ತಿರ ಹೋಗಿ ಹಾಕುವ ಶಾಟ್) ಸಮ. ಇದೇ ಆಟಗಾರ ಓಡಿ ಬರುವವನ ಕೈಗೆ ಹೆದರಿ, ಹೊಡೆದಂತೆ ನಟಿಸಿ, ಒಂದು ಡ್ರಿಬಲ್ ಒಳಗಿಟ್ಟು 17 ಅಡಿಯಿಂದ ಹೊಡೆದ ಅಂದುಕೊಳ್ಳಿ. 0.83, ಡ್ರಿಬಲ್‌ಗೆ ಇನ್ನಷ್ಟು ಕಡಿಮೆ. ಚೆಂಡು ಬಿದ್ದರೂ ‘ಸಿ’ಯೇ. ಜತೆಗೆ ಹಾಳೆಯ ಕೆಳಗಿನ ಖಾಲಿ ಜಾಗದಲ್ಲಿ ‘ಬಿಟ್ಟ ಶಾಟ್, 1.29’ ಎಂದು ಬರೆದು ಸುತ್ತ ಗುಂಡು ಹಾಕಿ. ಬಾಕ್ಸ್ ಸ್ಕೋರ್‌ನಲ್ಲಿ ಎಲ್ಲೂ ಕಾಣದ ನಷ್ಟ ಇದು. ಒಂದು ಅರ್ಧದಲ್ಲಿ ಇಂಥ ನಾಲ್ಕೈದು ಗುಂಡು ಸಿಕ್ಕರೆ, ಸೋಲಿಗೆ ಬೇರೆ ಕಾರಣ ಹುಡುಕುವುದಕ್ಕೆ ಮೊದಲು ಅವನ್ನು ನೋಡಿ.

ಇನ್ನೊಂದು. ಗಾರ್ಡ್ ಕಮಾನಿನ ನೆತ್ತಿಯಲ್ಲಿ ಒಬ್ಬನೇ, ಕ್ಲಾಕ್‌ನಲ್ಲಿ 17. ಕಾಲಿನ ನಡುವೆ ಎರಡು ಡ್ರಿಬಲ್, ಹಿಂದಕ್ಕೆ ಜಿಗಿದು ಸ್ಟೆಪ್-ಬ್ಯಾಕ್ ತ್ರೀ. ಡಿಫೆಂಡರ್ ಮೂರಡಿ, ಕೈ ಎತ್ತಿದ್ದಾನೆ. ಶೇ 35ರವನಾದರೆ 1.06ರಿಂದ 0.15, 0.10, 0.03 ಕಳೆದು 0.78, ‘ಸಿ’. ಎರಡು ಸೆಕೆಂಡ್ ಉಳಿದಾಗ ಇದೇ ಶಾಟ್ ‘ಬಿ’. ಶೇ 42ರ ಕರಿ 17 ಸೆಕೆಂಡ್ ಇರುವಾಗಲೇ ಹೊಡೆದರೂ 0.99, ‘ಬಿ’. ಹೈಸ್ಕೂಲ್ ಹುಡುಗರು ಅವರನ್ನು ನೋಡಿ ಕಲಿತು ಕೆಡುವುದು ಇಲ್ಲೇ, ಶಾಟ್ ಒಂದೇ ಆದರೂ ಕಳೆಯುವ ಸಂಖ್ಯೆ ಬೇರೆ.

ತ್ರೀ ಹೊಡೆಯುವಾಗ ಫೌಲ್ ಆಗಿ ಶಾಟ್ ಬೀಳದಿದ್ದರೆ ಅದು ಶಾಟ್ ಲೆಕ್ಕಕ್ಕೇ ಬರುವುದಿಲ್ಲ. ಶೇ 78ರಂತೆ ಮೂರು ಫ್ರೀ ಥ್ರೋ ಅಂದರೆ 2.34, ಯಾವ ಡಂಕ್‌ಗಿಂತಲೂ ಹೆಚ್ಚು. ಹೊಡೆದವನಿಗೆ ‘ಎ’ ಕೊಡಿ, ಆದರೆ ಡಿಫೆಂಡರ್‌ನ ಹೆಸರನ್ನೂ ಬರೆದಿಡಿ. ಅರ್ಧ ಪಂದ್ಯದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಬೇರೆ ಯಾರೂ ಮಾಡಿರುವುದಿಲ್ಲ.

ತಪ್ಪಿದ್ದು ಹೇಗೆ ತಪ್ಪಿತು

ಕೆಂಪು ಪೆನ್ನಿನಲ್ಲಿ ಬರೀ ‘ತಪ್ಪು’ ಎಂದರೆ ಅರ್ಧ ಮಾಹಿತಿ. ಗಿಡ್ಡ, ಉದ್ದ, ಎಡ, ಬಲ ಎಂದು ಬರೆಯಿರಿ. ಎಡಬಲಕ್ಕೆ ಹೋದದ್ದು ಮೊಣಕೈ, ಕಾಲು ಸರಿಯಾಗಿ ಕೂರದ್ದರ ಗುರುತು. ಗಿಡ್ಡ ಬಿದ್ದದ್ದು ಬಹುಪಾಲು ಕಾಲಿನ ದಣಿವು ಅಥವಾ ಚೆಂಡಿನ ಹಾದಿಯ ತಗ್ಗಿದ ಕಮಾನು. ರಿಂಗ್‌ನ ವ್ಯಾಸ 18 ಇಂಚು, ಚೆಂಡಿನದ್ದು ಸುಮಾರು 9.4. ಚೆಂಡು 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಕಾಣುವ ಬಾಯಿ 12.7 ಇಂಚು. 35 ಡಿಗ್ರಿಗೆ ಇಳಿಸಿದರೆ 10.3, ಆಚೆ ಈಚೆ ಅರ್ಧ ಇಂಚೂ ಉಳಿಯಲಿಲ್ಲ. 30 ಡಿಗ್ರಿಗೆ 9 ಇಂಚು, ರಿಂಗ್ ಮುಟ್ಟದೆ ಒಳಗೆ ಹೋಗುವುದು ಸಾಧ್ಯವೇ ಇಲ್ಲ. ನಾಲ್ಕನೇ ಕ್ವಾರ್ಟರ್‌ನ ತ್ರೀಗಳು ಸಾಲಾಗಿ ರಿಂಗ್‌ನ ಮುಂಭಾಗಕ್ಕೆ ಬಡಿಯುತ್ತಿದ್ದರೆ ಶಾಟ್ ಆಯ್ಕೆಯನ್ನು ದೂರುವ ಮೊದಲು ಆ ಆಟಗಾರ ಎಷ್ಟು ನಿಮಿಷ ಆಡಿದ್ದಾನೆಂದು ನೋಡಿ.

ಒಂದೇ ಪಂದ್ಯಕ್ಕೆ ತೀರ್ಪು ಕೊಡಬೇಡಿ

2018ರ ಮೇ 28, ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಏಳನೇ ಪಂದ್ಯ. ಹ್ಯೂಸ್ಟನ್ ರಾಕೆಟ್ಸ್ ಸಾಲಾಗಿ 27 ತ್ರೀ ತಪ್ಪಿಸಿ, ಒಟ್ಟು 44ರಲ್ಲಿ 7 ಹಾಕಿ, ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ 101–92ರಿಂದ ಸೋತಿತು. ಟೂಗಳಿಗಿಂತ ತ್ರೀಗಳನ್ನೇ ಹೆಚ್ಚು ಹೊಡೆದು 65 ಪಂದ್ಯ ಗೆದ್ದ ತಂಡ. ತ್ರೀ ನಂಬಿದವರ ಗತಿ ನೋಡಿ ಎಂದು ಅಂದು ಆಡಿಕೊಂಡವರಿಗೆ ಲೆಕ್ಕವಿಲ್ಲ. ಶೇ 36ರ ತಂಡ 44 ಹೊಡೆದರೆ 16 ಬೀಳಬೇಕು. ಬರೀ ಏರುಪೇರಿನಿಂದಲೇ 10ರಿಂದ 22ರ ನಡುವೆ ಯಾವುದು ಬಂದರೂ ಆಶ್ಚರ್ಯವಿಲ್ಲ. 7 ಅದಕ್ಕೂ ಕೆಳಗೆ. ಅಂದರೆ ದುರದೃಷ್ಟದ ಜತೆ ಇನ್ನೇನೋ ಸೇರಿದೆ. ಗಾಯಗೊಂಡ ಕ್ರಿಸ್ ಪಾಲ್ ಆಡಲಿಲ್ಲ, ಚೆಂಡಿನ ಭಾರವೆಲ್ಲ ಜೇಮ್ಸ್ ಹಾರ್ಡನ್ ಮೇಲೆ ಬಿತ್ತು, ಅವರು 13ರಲ್ಲಿ 2 ಹಾಕಿದರು. ಆ ಪಂದ್ಯಕ್ಕೇ ಈ ಹಾಳೆ ಹಿಡಿದು ಕೂತು ನೋಡಿ. 37 ತಪ್ಪುಗಳಲ್ಲಿ ‘ಎ’ ಎಷ್ಟು, ‘ಸಿ’ ಎಷ್ಟು ಎಂದು ಎಣಿಸುವುದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಒಬ್ಬ ಆಟಗಾರನ ಮಟ್ಟಿಗೆ ಏರುಪೇರು ಇನ್ನೂ ದೊಡ್ಡದು. ನಿಜವಾಗಿ ಶೇ 36ರವನು 40 ಶಾಟ್‌ಗಳಲ್ಲಿ ಶೇ 28 ತೋರಿಸಬಹುದು, 44ನ್ನೂ ತೋರಿಸಬಹುದು. 200 ಶಾಟ್ ಆದರೂ ಶೇಕಡಾ ಮೂರ್ನಾಲ್ಕು ಅತ್ತಿತ್ತ ಆಗುವುದು ಮಾಮೂಲು. ದರ್ಜೆ ಅಷ್ಟು ಕಾಯಿಸುವುದಿಲ್ಲ. ನಾಲ್ಕು ಪಂದ್ಯದ ಹಾಳೆ ಇದ್ದರೆ ಯಾರು ‘ಸಿ’ ಶಾಟ್‌ಗಳ ಚಟ ಹತ್ತಿಸಿಕೊಂಡಿದ್ದಾರೆಂದು ಗೊತ್ತಾಗುತ್ತದೆ.

ನಮ್ಮ ಕೋರ್ಟ್‌ಗೆ ತರುವಾಗ

ಈ ಸಂಖ್ಯೆಗಳನ್ನು ಹಾಗೇ ಎತ್ತಿ ನಿಮ್ಮ ಕ್ಲಬ್ ತಂಡಕ್ಕೆ ಹಚ್ಚಬೇಡಿ. ಇಲ್ಲಿ ನಡೆಯುವುದು ಅಂತರರಾಷ್ಟ್ರೀಯ ಒಕ್ಕೂಟ ಫೀಬಾದ ಗೆರೆ. ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ 2019ರ ಮಹಿಳಾ ಏಷ್ಯಾ ಕಪ್ ಆಡಿದ್ದೂ ಅದರ ಮೇಲೆಯೇ. ಕಮಾನು 6.75 ಮೀಟರ್, ಕಾರ್ನರ್ 6.60. ಎನ್‌ಬಿಎಯಲ್ಲಿ ಕಾರ್ನರ್‌ಗೆ ಹೋದರೆ ಅರ್ಧ ಮೀಟರಿಗಿಂತ ಹೆಚ್ಚು ಉಳಿತಾಯ, ಇಲ್ಲಿ ಬರೀ 15 ಸೆಂಟಿಮೀಟರ್. ಆದ್ದರಿಂದ ಕಾರ್ನರ್‌ಗೆ ಓಡಿ ಎಂದು ಹುಡುಗರ ಬೆನ್ನು ಹತ್ತುವ ಬದಲು, ಪಾಸ್ ಹಿಡಿದು ನಿಂತು ಹೊಡೆಯುವ ಜಾಗ ಎಲ್ಲಿ ಸಿಕ್ಕರೂ ಸರಿ ಎನ್ನಿ.

ಮೊದಲು ಟೇಪ್ ಹಿಡಿದು ಗೆರೆ ಅಳೆಯಿರಿ. 2010ಕ್ಕೆ ಮುಂಚೆ ಫೀಬಾ ಗೆರೆ 6.25 ಮೀಟರಿನಲ್ಲಿತ್ತು, ಹಳೆಯ ಸಿಮೆಂಟ್ ಕೋರ್ಟ್‌ನಲ್ಲಿ ಅದೇ ಉಳಿದಿರಬಹುದು. ಬೇಸ್‌ಲೈನ್‌ನ ಒಳ ಅಂಚಿನಿಂದ 1.575 ಮೀಟರ್ ಒಳಗೆ, ರಿಂಗ್‌ನ ನಡುವಿಗೆ ನೇರ ಕೆಳಗೆ ಚಾಕ್‌ನಲ್ಲಿ ಚುಕ್ಕಿ ಇಡಿ. ಅಲ್ಲಿಂದ ಗೆರೆಯ ಹೊರ ಅಂಚಿಗೆ ಅಳೆಯಬೇಕು, ಒಳ ಅಂಚಿಗಲ್ಲ.

ಆಮೇಲೆ ನಿಮ್ಮ ತಂಡದ್ದೇ ಬೆಲೆಪಟ್ಟಿ ಮಾಡಿ. ಹತ್ತು ಪಂದ್ಯದಲ್ಲಿ ಲೇ-ಅಪ್ ಶೇಕಡಾವಾರು ಎಷ್ಟು, ತೆರವಾದ ತ್ರೀ ಎಷ್ಟು, ಅಡ್ಡಿ ಇದ್ದ ತ್ರೀ ಎಷ್ಟು. ಪ್ರಾಕ್ಟೀಸ್‌ನ ಶೇಕಡಾವಾರನ್ನು ಈ ಪಟ್ಟಿಗೆ ಸೇರಿಸಬೇಡಿ, ಅಲ್ಲಿ ಯಾರೂ ಮೈಮೇಲೆ ಬರುವುದಿಲ್ಲ. ತಂಡ ಶೇ 28ರಂತೆ ತ್ರೀ ಹಾಕುತ್ತಿದ್ದರೆ ಅದು 0.84. ನೂಕುನುಗ್ಗಲಿನ ಲೇ-ಅಪ್ ಬರೀ ಶೇ 50 ಬಿದ್ದರೂ 1.0, ಮೇಲೆ ಫೌಲ್ ಬೇರೆ ಸಿಗುತ್ತದೆ. ಅಂಥ ತಂಡ ತ್ರೀ ಕಡಿಮೆ ಮಾಡಿ ಒಳಗೆ ನುಗ್ಗಬೇಕು. ಆದರೆ ಆ 28ನ್ನು ಒಡೆದು ನೋಡಿ. ನಿಂತು ಹಿಡಿದು ಹೊಡೆದವು 36, ಡ್ರಿಬಲ್ ಮಾಡಿ ಹೊಡೆದವು 19 ಎಂದು ಬಂದರೆ ಎಷ್ಟು ತ್ರೀ ಹೊಡೆಯಬೇಕೆಂಬ ಚರ್ಚೆಯೇ ಬೇಡ, ಎರಡನೆಯ ಬಗೆಯದ್ದನ್ನು ಮುಂದಿನ ಪಂದ್ಯದಿಂದ ನಿಲ್ಲಿಸಿ.